ಬೋರ್ಡಿನ ಮೂಲೆಯಲ್ಲಿ ಅಂಜಿನಮ್ಮನ ಎಮ್ಮೆ

ಹೂಡಿಯ ಅಂಜಿನಮ್ಮನಿಗೆ ಹೊಟ್ಟೆಕಿಚ್ಚು ಹುಟ್ಟಿನಿಂದಲೇ ಬಂದದ್ದು ಎಂದು ಅವಳ ಅತ್ತೆ ಹೇಳುತ್ತಿದ್ದಳು. ಪಕ್ಕದ ಮನೆ ರಾಮಕ್ಕನ ಹಿತ್ತಲ ಅವರೆ ಬಳ್ಳಿ ತಮ್ಮದಕ್ಕಿಂತ ಎರಡು ದಿನ ಮೊದಲು ಹೂ ಬಿಟ್ಟರೆ ಸಾಕು, ಅಂಜಿನಮ್ಮನ ಗಂಟಲಲ್ಲಿ ಮುದ್ದೆ ಇಳಿಯುತ್ತಿರಲಿಲ್ಲ. ಆದರೆ ಅವರೆಗೆ, ಓಲೆಗೆ, ಸೀರೆಗೆ ಪಟ್ಟ ಕಿಚ್ಚೆಲ್ಲ ಒಂದು ತೂಕ. ಎಪ್ಪತ್ತೊಂಬತ್ತನೆ ಇಸವಿಯಲ್ಲಿ ಊರ ಸ್ಕೂಲಿಗೆ ಬಂದ ವಸಂತಮ್ಮ ಟೀಚರ ಮೇಲೆ ಪಟ್ಟದ್ದೇ ಒಂದು ತೂಕ.

ಆ ಟೀಚರಿಗೆ ಹೊಲವಿರಲಿಲ್ಲ, ದನವಿರಲಿಲ್ಲ. ಇದ್ದದ್ದು ಎರಡು ವಾಯಿಲ್ ಸೀರೆ, ಒಂದು ಕೊಡೆ, ಕೃಷ್ಣರಾಜಪುರದಿಂದ ಬಸ್ಸಿನಲ್ಲಿ ಬರುವಾಗ ತೊಡೆಯ ಮೇಲಿಟ್ಟುಕೊಳ್ಳುವ ಒಂದು ಬಟ್ಟೆ ಚೀಲ. ಇಂಥವಳ ಮೇಲೆ ಕಿಚ್ಚು ಪಡುವುದಕ್ಕೆ ಏನಿದೆ ಎಂದು ಯಾರಾದರೂ ಕೇಳಬಹುದು. ಇತ್ತು. ಅಂಜಿನಮ್ಮನಿಗೆ ಎರಡು ಕೂಸು ಕಳೆದು ಉಳಿದದ್ದು ಒಂದೇ ಮಗಳು. ಅತ್ತೆಯ ಹೆಸರನ್ನೇ ಇಟ್ಟು ಚಿಕ್ಕಮುನಿಯಮ್ಮ ಎಂದು ಬರೆಸಿದ್ದರು, ಮನೆಯಲ್ಲಿ ಚಿಕ್ಕಿ. ಒಂಬತ್ತು ವರ್ಷದ ಆ ಹುಡುಗಿ ಈಗ ಹೊತ್ತು ಹುಟ್ಟಿದರೆ ಟೀಚರಮ್ಮ, ಹೊತ್ತು ಮುಳುಗಿದರೆ ಟೀಚರಮ್ಮ.

ಹಿಂದಿನ ಮೇಷ್ಟರು ನರಸಿಂಹಯ್ಯನವರ ಕಾಲ ಹೀಗಿರಲಿಲ್ಲ. ಅವರ ಕೈಯಲ್ಲಿ ಸದಾ ಹುಣಸೆ ಕೋಲು. ಚಿಕ್ಕಿ ಬೆಳಗ್ಗೆ ಅತ್ತುಕೊಂಡು ಹೋಗುತ್ತಿದ್ದಳು, ಸಂಜೆ ಓಡಿಬಂದು ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸುತ್ತಿದ್ದಳು. ಹೊಲದ ಬದುವಿನಲ್ಲಿ ಹೂವೋ ಹುಳವೋ ಕಂಡರೆ ಹಿಡಿದುಕೊಂಡು ಬಂದು "ಅಮ್ಮಾ, ಇದೇನು?" ಎನ್ನುತ್ತಿದ್ದಳು. ಅಂಜಿನಮ್ಮ ಹೇಳುತ್ತಿದ್ದಳು. ಅವಳಿಗೆ ಗೊತ್ತಿಲ್ಲದ ಹುಳ ಹೂಡಿಯ ಹೊಲಗಳಲ್ಲಿ ಇರಲಿಲ್ಲ. ಮೇಷ್ಟರಿಗೆ ವರ್ಗವಾದಾಗ ಊರೆಲ್ಲ ಸಂತೋಷಪಟ್ಟರೂ ಅಂಜಿನಮ್ಮ ಮಾತ್ರ ಪಟ್ಟಿರಲಿಲ್ಲ. ಬೇಕಾದದ್ದು ಅವಳಿಗೆ ಅದೊಂದೇ, ಮಗಳು ಮತ್ತೆ ಅಂಗೈಯಲ್ಲಿ ಏನಾದರೂ ಹಿಡಿದುಕೊಂಡು ತನ್ನ ಹತ್ತಿರ ಓಡಿಬರುವುದು.

ಒಂದು ದಿನ ರಾಗಿ ಹೊಲದಲ್ಲಿ ಕಳೆ ಕೀಳುವಾಗ "ಚಿಕ್ಕೀ" ಎಂದು ಕೂಗಿದರೆ ಮಗಳು ತಿರುಗಲೇ ಇಲ್ಲ.

"ಕಿವಿ ಕೇಳಿಸಲ್ವೇನೇ?"

"ಟೀಚರಮ್ಮ ಎಲ್ಲಾರ್ನೂ ಪೂರ್ತಿ ಹೆಸರಲ್ಲೇ ಕರೀತಾರೆ. ಚಿಕ್ಕಮುನಿಯಮ್ಮ ಅನ್ನು."

"ಆಹಾ! ಒಂಬತ್ತು ತಿಂಗ್ಳು ಒತ್ಕೊಂಡಿದ್ದು ನಾನು, ಎಸರು ಕರ್ಯಾದು ಅವ್ಳಾ?"

"ಕೋಲೂ ಇಡಿಯಲ್ಲ ಕಣಮ್ಮ ಅವ್ರು. ನೆಲದ ಮೇಲೆ ನಮ್ ಪಕ್ಕದಲ್ಲೇ ಕೂತ್ಕೊಂಡು ಸ್ಲೇಟು ನೋಡ್ತಾರೆ. ದಿನಾ ಒಂದೊಂದು ಸಾಲು ಮುಂದಕ್ಕೆ ಬತ್ತದೆ, ಯಾರೂ ಯಾವಾಗ್ಲೂ ಹಿಂದ್ಗಡೇನೇ ಕೂರಂಗಿಲ್ಲ."

"ಕೋಲಿಲ್ದ ಮೇಷ್ಟ್ರು, ಮೂಗುದಾರ ಇಲ್ದ ಎತ್ತು. ನೋಡಾನ, ಎಷ್ಟು ದಿನ ಉಳ್ತದೋ" ಎಂದಳು ಅಂಜಿನಮ್ಮ. ಹಾಗೆಂದವಳೇ ಎರಡು ಪೈರು ಕಿತ್ತು ಬಾಳೆನಾರಿನಲ್ಲಿ ಕಟ್ಟಿ ಮಗಳ ಕೈಗೆ ಕೊಟ್ಟಳು. ಒಂದು ರಾಗಿ, ಇನ್ನೊಂದು ರಾಗಿಯ ನಡುವೆ ರಾಗಿಯ ಹಾಗೇ ಬೆಳೆಯುವ ಕಳೆಹುಲ್ಲು. "ಓಗು, ನಿಮ್ ಟೀಚರಮ್ಮನ್ನ ಕೇಳು. ಇದ್ರಾಗೆ ಯಾವ್ದು ಅನ್ನ, ಯಾವ್ದು ಹುಲ್ಲು?"

ಪೇಟೆ ಹೆಂಗಸಿಗೆ ಅದು ಹೇಗೆ ಗೊತ್ತಾಗಬೇಕು? ಮಕ್ಕಳ ಮುಂದೆ ಅವಳ ಮುಖ ಸಣ್ಣದಾಗುವುದನ್ನು ನೆನೆಸಿಕೊಂಡು ಅಂಜಿನಮ್ಮ ಅವತ್ತು ಒಂದು ಮುದ್ದೆ ಜಾಸ್ತಿ ಉಂಡಳು.

ಸಂಜೆ ಚಿಕ್ಕಿ ಕುಣಿಯುತ್ತಲೇ ಬಂದಳು. "ಟೀಚರಮ್ಮ ನಂಗೆ ಗೊತ್ತಿಲ್ಲ ಅಂದ್ಬಿಟ್ರು!"

"ನೋಡ್ದಾ?"

"ಊಂ ಕಣಮ್ಮ! ಗೊತ್ತಿಲ್ಲ ಅಂತ ನಕ್ರು. ಬೋರ್ಡ್ ಮೂಲೇಲಿ ಒಂದು ಚೌಕ ಬರ್ದು ಅದ್ರೊಳ್ಗೆ ನನ್ ಪ್ರಶ್ನೆ ಬರೆದ್ರು. ಉತ್ರ ಸಿಕ್ಕೋವರ್ಗೂ ಅಳ್ಸಂಗಿಲ್ಲ. ಎಲ್ಲಾರೂ ಮನೇಲಿ ಕೇಳ್ಕೊಂಡು ಬರ್ಬೇಕು. ಏಳಮ್ಮ, ಯಾವ್ದು?"

ಅಂಜಿನಮ್ಮನಿಗೆ ಉಂಡದ್ದೆಲ್ಲ ಉರಿಯಿತು. ಗೊತ್ತಿಲ್ಲ ಅಂದವಳಿಗೆ ನಾಚಿಕೆಯಿಲ್ಲ, ಕೇಳಿಸಿಕೊಂಡವರಿಗೂ ಇಲ್ಲ! "ಸಂಬಳ ತಗೊಳ್ಳೋಳು ಅವ್ಳು, ಅವ್ಳೇ ಏಳ್ಲಿ" ಎಂದು ಬಾಯಿ ಮುಚ್ಚಿಕೊಂಡಳು.

ಬಾಯಿ ಮುಚ್ಚಿದ್ದೇ ತಪ್ಪಾಯಿತು. ಮೂರನೆ ದಿನ ರಾಮಕ್ಕ ತನ್ನ ಮೊಮ್ಮಗನಿಗೆ ಹೇಳಿಬಿಟ್ಟಳು: ಕಳೆಹುಲ್ಲಿನ ಬುಡ ಚಪ್ಪಟೆ, ಬಿಳುಪು, ಕಿತ್ತರೆ ಸುಲಭಕ್ಕೆ ಬರುವುದಿಲ್ಲ. ಟೀಚರು ರಾಮಕ್ಕನನ್ನೇ ಕರೆಸಿದರು, ತಮ್ಮ ಕುರ್ಚಿಯ ಮೇಲೆ ಕೂರಿಸಿದರು. ನಲವತ್ತು ಮಕ್ಕಳು ಹೊಲಕ್ಕೆ ಹೋಗಿ ಒಂದೊಂದು ಬುಡ ಹಿಸುಕಿ ನೋಡಿ ಬಂದರು. ರಾಮಕ್ಕ ಟೀಚರು ಕೊಟ್ಟ ಕನಕಾಂಬರ ಮುಡಿದುಕೊಂಡು ಅಂಜಿನಮ್ಮನ ಬಾಗಿಲ ಮುಂದೆಯೇ ನಿಧಾನಕ್ಕೆ ನಡೆದುಹೋದಳು.

"ಅಂಜಿ, ಆ ಕುರ್ಚಿ ಬಲೇ ಮೆತ್ಗೈತೆ ಕಣೇ" ಎಂದಳು.

"ಮರದ ಕುರ್ಚಿ ಎಂಗಕ್ಕ ಮೆತ್ಗಿರ್ತದೆ?"

"ಕೂತೋರಿಗ್ ಗೊತ್ತಾಯ್ತದೆ ಬುಡು."

ಪ್ರಶ್ನೆ ಅಂಜಿನಮ್ಮನದು, ಹೂವು ರಾಮಕ್ಕನಿಗೆ! ಎರಡು ದಿನ ಅವಳು ರಾಮಕ್ಕನ ಮನೆ ಕಡೆಯ ಕಿಟಕಿ ತೆರೆಯಲಿಲ್ಲ. ಮೂರನೆ ದಿನ, ತನ್ನ ಬಿಟ್ಟು ಭೂಮಿಯ ಮೇಲೆ ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದನ್ನು ಮಗಳ ಜೊತೆ ಕಳಿಸಿದಳು. "ನಮ್ ಎಮ್ಮೆ ನನ್ ಕೈಗೆ ಮಾತ್ರ ಯಾಕೆ ಆಲು ಕೊಡ್ತದೆ, ಕೇಳು."

ಅದು ನಿಜವೇ. ಆ ಕರಿ ಎಮ್ಮೆ ಅಂಜಿನಮ್ಮನ ಬಿಟ್ಟು ಬೇರೆ ಯಾರು ಕೂತರೂ ಹಾಲಿಳಿಸುತ್ತಿರಲಿಲ್ಲ, ಒದೆಯುತ್ತಿತ್ತು. ಮಹದೇವಪುರದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ಗಂಡ ಸೊಣ್ಣಪ್ಪನ ಮೊಣಕಾಲಿನಲ್ಲಿ ಅದರ ಗೊರಸಿನ ಗುರುತಿತ್ತು. ಆ ಎಮ್ಮೆಗಾಗಿ ಅಂಜಿನಮ್ಮ ತವರಿಗೂ ಒಂದು ರಾತ್ರಿಗಿಂತ ಹೆಚ್ಚು ಹೋದವಳಲ್ಲ. ಗುಟ್ಟು ಅವಳ ಸೆರಗಿನ ತುದಿಯಲ್ಲಿತ್ತು: ಒಂದು ಗಂಟು ಉಪ್ಪು. ಕರೆಯುವ ಮೊದಲು ಯಾರಿಗೂ ಕಾಣದಂತೆ ಎಮ್ಮೆಯ ಬಾಯಿಗೆ ಒಂದು ಚಿಟಿಕೆ. ಗಂಡನಿಗೂ ಹೇಳಿರಲಿಲ್ಲ.

"ಬೋರ್ಡಲ್ಲಿ ನಿನ್ ಹೆಸ್ರು ಬರೆದವ್ರೆ!" ಎಂದು ಚಿಕ್ಕಿ ಸಂಜೆ ಹೇಳಿದಳು. "ಅಂಜಿನಮ್ಮನ ಎಮ್ಮೆ ಅಂಜಿನಮ್ಮನಿಗೆ ಮಾತ್ರ ಏಕೆ ಹಾಲು ಕೊಡುತ್ತದೆ, ಅಂತ."

ಅಂಜಿನಮ್ಮ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು ಕರೆ ಬರುವುದನ್ನೇ ಕಾದಳು. ಕರೆ ಬರಲಿಲ್ಲ, ಮಕ್ಕಳು ಬಂದರು. ದಿನಕ್ಕೆ ಮೂವರಂತೆ ಸಂಜೆ ಕೊಟ್ಟಿಗೆಯ ಬಾಗಿಲಲ್ಲಿ ಸ್ಲೇಟು ಹಿಡಿದು ಕೂರುತ್ತಿದ್ದರು. ಮಾತಾಡುವಂತಿಲ್ಲ, ನೋಡಬೇಕಷ್ಟೆ, ಅದು ಟೀಚರ ಕಟ್ಟಪ್ಪಣೆ. ಊರಿಗೆಲ್ಲ ಇದೇ ಮಾತಾಯಿತು. ಅರಳಿಕಟ್ಟೆಯಲ್ಲಿ ಯಾರೋ ಕೇಳಿದ್ದಕ್ಕೆ ಸೊಣ್ಣಪ್ಪ, "ಅವಳ ಬಾಯಿಗೆ ಎದ್ರಿ ಕೊಡ್ತದೆ ಕಣಪ್ಪ, ನಾನೂ ಸಂಬಳ ಅಂಗೇ ಅಲ್ವಾ ಕೊಡಾದು?" ಅಂದನಂತೆ.

ಐದನೆ ದಿನ ಚಿಕ್ಕಿಯ ಸರದಿ. ಹುಟ್ಟಿದಾಗಿನಿಂದ ದಿನಾ ಕಾಣುವ ಕೆಲಸವನ್ನು ಆ ಹುಡುಗಿ ಇವತ್ತೇ ಮೊದಲು ಕಂಡವಳಂತೆ ಕಣ್ಣು ಮಿಟುಕಿಸದೆ ಕೂತಳು. ಅಂಜಿನಮ್ಮನ ಬೆನ್ನು ತಾನೇ ನೆಟ್ಟಗಾಯಿತು. ಮಗಳು ತನ್ನನ್ನು ಹೀಗೆ ನೋಡಿ ಎಷ್ಟು ಕಾಲವಾಗಿತ್ತು!

ಮರುದಿನ ಬೆಳಗ್ಗೆ ಅಂಜಿನಮ್ಮ ಕಲಗಚ್ಚಿನ ಬಕೆಟ್ಟು ಹಿಡಿದು ಬರುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಅಪ್ಪ ಮಗಳು ಆಗಲೇ ಇದ್ದರು. ಚಿಕ್ಕಿ ನಿನ್ನೆ ಕಂಡಂತೆಯೇ ಎಮ್ಮೆಯ ಬಾಯಿಗೆ ಒಂದು ಚಿಟಿಕೆ ಉಪ್ಪು ಹಾಕಿದಳು. ಪಾಳಿ ಮುಗಿಸಿ ಬಂದ ಸೊಣ್ಣಪ್ಪ ಕೂತು ಕೆಚ್ಚಲಿಗೆ ಕೈ ಹಾಕಿದ. ಎಮ್ಮೆ ಉಪ್ಪು ಚಪ್ಪರಿಸುತ್ತಲೇ ಒದೆಯಿತು, ಚೊಂಬು ಉರುಳಿಹೋಯಿತು.

"ನೋಡಪ್ಪ, ಉಪ್ಪಲ್ಲ" ಎಂದು ಚಿಕ್ಕಿ ತಾನು ಕೂತಳು. ಅಮ್ಮನ ಹಾಗೇ ಎಮ್ಮೆಯ ಪಕ್ಕೆಗೆ ಹಣೆ ಒತ್ತಿದಳು. ಗಂಟಲಿನಲ್ಲೇ ಏನೋ ಗುನುಗತೊಡಗಿದಳು: ಊಂ… ಊಂ… ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಚೊಂಬಿನ ತಳಕ್ಕೆ ಸರ್ ಎಂದು ಹಾಲು ಬಿತ್ತು.

ಅಂಜಿನಮ್ಮ ಬಕೆಟ್ಟನ್ನು ಅಲ್ಲೇ ಕುಕ್ಕಿದಳು. ತಾನು ಹಾಗೆ ಗುನುಗುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಮಗಳಾಯಿತು, ಹೆಸರಾಯಿತು, ಈಗ ತನ್ನ ಎಮ್ಮೆಯನ್ನೂ ಕಿತ್ತುಕೊಂಡಳಲ್ಲ ಆ ವಾಯಿಲ್ ಸೀರೆಯವಳು! ಸ್ಕೂಲಿನ ಬೆಲ್ಲು ಹೊಡೆಯುವುದನ್ನೇ ಕಾದು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದಳು.

ಟೀಚರು ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು.

"ಏನಮ್ಮಾ, ನಿನ್ಗೆ ಎಷ್ಟು ಬೇಕು? ನನ್ ಮನ್ಯಾಗೆ ಇನ್ನೇನ್ ಉಳಿಸ್ತೀಯ?"

ಟೀಚರು ಎದ್ದು ನಿಂತರು. "ಕೂತ್ಕೊಳ್ಳಿ ಅಂಜಿನಮ್ಮನೋರೆ. ನಾನೇನು ಮಾಡಿದೆ?"

"ಎಮ್ಮೆ ಕರ್ಯಾದು ಏಳ್ಕೊಟ್ಟಿದ್ದೀಯಲ್ಲ!"

"ಎಮ್ಮೆ ಎದುರಿಗೆ ಬಂದ್ರೆ ನಾನು ರಸ್ತೆ ಬಿಟ್ಟು ಇಳೀತೀನಿ ಕಣ್ರೀ." ಮಕ್ಕಳು ಗೊಳ್ಳೆಂದು ನಕ್ಕರು. ಟೀಚರೂ ನಕ್ಕರು. "ಚಿಕ್ಕಮುನಿಯಮ್ಮ, ನೀನು ಕಂಡದ್ದು ಹೇಳಮ್ಮ."

ಚಿಕ್ಕಿ ಎದ್ದು ಎಲ್ಲ ಹೇಳಿದಳು. ಉಪ್ಪಿನ ವಿಷಯ ಬಂದಾಗ ಅಂಜಿನಮ್ಮ ನೆಲ ನೋಡಿದಳು. ಕೊನೆಯಲ್ಲಿ ಮಗಳು, "ಆ ಊಂ ಅನ್ನಾದು ನಂಗೆ ಮೊದ್ಲೇ ಗೊತ್ತಿತ್ತು. ನಾನು ಸಣ್ಣೋಳಿದ್ದಾಗ ಅಮ್ಮ ನನ್ನ ಮಲಗ್ಸಾಕೆ ಅಂಗೇ ಅಂತಿದ್ಲು. ನಂಗ್ ಬ್ಯಾಡ ಅಂದ್ಮೇಲೆ ಎಮ್ಮೆಗ್ ಅಂತವ್ಳೆ" ಎಂದಳು.

ಅಂಜಿನಮ್ಮ ಅಷ್ಟು ಹೊತ್ತಿಗೆ ಕುರ್ಚಿಯ ಮೇಲೆ ಕೂತಿದ್ದಳು. ಯಾವಾಗ ಕೂತಳೋ ಅವಳಿಗೇ ತಿಳಿಯದು. ಮೆತ್ತಗೇನೂ ಇರಲಿಲ್ಲ.

ಪಾಠ ಮುಂದುವರಿಯಿತು. ಟೀಚರು ಲೆಕ್ಕ ಕೇಳಿದರು. ಮುಂದಿನ ಸಾಲಿನ ಚುರುಕಿನ ಕೈಗಳು ಪಟಪಟ ಎದ್ದವು. ಅವರು ಯಾರನ್ನೂ ಕರೆಯಲಿಲ್ಲ. ಸುಮ್ಮನೆ ನಿಂತರು. ಮಕ್ಕಳಿಗೆ ಅವರ ಮುಖವಷ್ಟೇ ಕಾಣುತ್ತಿತ್ತು. ಟೀಚರ ಹಿಂದೆ ಕುರ್ಚಿಯಲ್ಲಿದ್ದ ಅಂಜಿನಮ್ಮನಿಗೆ ಬೆನ್ನ ಹಿಂದೆ ಕಟ್ಟಿದ ಕೈ ಕಾಣಿಸಿತು. ಹೆಬ್ಬೆರಳು ಒಂದೊಂದೇ ಬೆರಳಿನ ಗೆಣ್ಣು ಮುಟ್ಟುತ್ತಿತ್ತು: ಒಂದು, ಎರಡು, ಮೂರು… ಹತ್ತು ಮುಟ್ಟುವ ಹೊತ್ತಿಗೆ ಮೂಲೆಯಲ್ಲಿದ್ದ, ಯಾವತ್ತೂ ಬಾಯಿ ಬಿಡದ ನಲ್ಲಪ್ಪನ ಮಗ ಅರ್ಧ ಕೈ ಎತ್ತಿದ. ಟೀಚರು ಅವನ ಕಡೆಗೆ ತಲೆಯಾಡಿಸಿದರು.

ಓಹೋ, ಇದು ಇವಳ ಉಪ್ಪಿನ ಗಂಟು, ಎಂದುಕೊಂಡಳು ಅಂಜಿನಮ್ಮ. ಮಧ್ಯಾಹ್ನ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ, ಬೆಲ್ಲು ಹೊಡೆಯುವವರೆಗೂ ಆ ಕೈಯನ್ನೇ ನೋಡುತ್ತ ಕೂತಳು. ಹೊರಡುವಾಗ ಟೀಚರು ಹೂವು ಕೊಟ್ಟರು.

ದಾರಿಯಲ್ಲಿ ಮಗಳನ್ನು ಕೇಳಿದಳು: "ರಾಮಕ್ಕಂಗೆ ಎಷ್ಟು ಹೂವ ಕೊಟ್ಟಿದ್ರೇ?"

"ಗೇಣುದ್ದ."

ತನ್ನದನ್ನು ಮೊಳಕೈಗೆ ಹಿಡಿದು ಅಳೆದು, "ಸರಿ, ನಡಿ" ಎಂದಳು. ಆದರೂ ರಾಮಕ್ಕನ ಬಾಗಿಲ ಮುಂದಿನಿಂದಲೇ ಸುತ್ತಿ ಹೋಗೋಣವೆಂದಳು.

ಮೋರಿಯ ಕಲ್ಲಿನ ಹತ್ತಿರ ಚಿಕ್ಕಿ ನಿಂತುಬಿಟ್ಟಳು. ಕಲ್ಲಿಗೆ ಅಂಟಿಕೊಂಡು ನಿಂಬೆಕಾಯಿಯಷ್ಟು ಮಣ್ಣಿನ ಉಂಡೆಯಿತ್ತು, ಅದಕ್ಕೊಂದು ಪುಟ್ಟ ಬಾಯಿ.

"ಅಮ್ಮಾ, ಇದೇನು?"

ಕಣಜದ ಗೂಡೆಂದು ಅಂಜಿನಮ್ಮನಿಗೆ ನೋಡಿದ ಕೂಡಲೇ ಗೊತ್ತಾಯಿತು. ಎಷ್ಟು ತಿಂಗಳಿಂದ ಕಾದ ಮಾತು! ನಾಲಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಬಲಗೈ ಬೆನ್ನ ಹಿಂದಕ್ಕೆ ಹೋಯಿತು. ಹೆಬ್ಬೆರಳು ಗೆಣ್ಣು ಮುಟ್ಟತೊಡಗಿತು. ಒಂಬತ್ತಕ್ಕೆ ಚಿಕ್ಕಿ, "ಯಾವ್ದೋ ಹುಳ ಮನೆ ಕಟ್ಟೈತೆ ಅಲ್ವಾ?" ಎಂದಳು.

"ಯಾವ್ದು?"

"ಗೊತ್ತಿಲ್ಲ."

"ಅಂಗಾದ್ರೆ ಕೂತ್ಕೋ. ಮನೆಯೋಳು ಬರ್ಲಿ, ನೋಡಾನ."

ತಾಯಿ ಮಗಳು ಮೋರಿಯ ಮೇಲೆ ಕೂತರು. ವೈಟ್‌ಫೀಲ್ಡ್ ಕಡೆಗೆ ಒಂದು ಬಸ್ಸು ಹೋಯಿತು. ಸ್ವಲ್ಪ ಹೊತ್ತಿಗೆ ಸಣ್ಣ ಸೊಂಟದ ಕಣಜವೊಂದು ತನಗಿಂತ ದಪ್ಪದ ಹಸಿರು ಹುಳವನ್ನು ಎಳೆದು ತಂದು ಆ ಬಾಯೊಳಕ್ಕೆ ತುರುಕತೊಡಗಿತು. ಚಿಕ್ಕಿ ಅಮ್ಮನ ತೋಳು ಹಿಡಿದುಕೊಂಡಳು.

"ನಾಳೆ ಟೀಚರಮ್ಮಂಗೆ ಏಳ್ತೀನಿ" ಎಂದು ಪಿಸುಗುಟ್ಟಿದಳು.

"ಏಳಿದ್ರೆ ಕಾಲ್ ಮುರೀತೀನಿ, ಚಿಕ್ಕಮುನಿಯಮ್ಮ" ಎಂದಳು ಅಂಜಿನಮ್ಮ.