ಮೊದಲು ಗೊಂಬೆಯ ಕೈ, ಆಮೇಲೆ ಹಲ್ಲು

“ಬಾಯಿ ತೆಗೀರಿ ಅಂಕಲ್” ಎಂದರೆ ಅವರು ಮುಷ್ಟಿ ತೆರೆದರು. ಅಂಗೈಯಲ್ಲಿ ಬೆರಳುದ್ದದ ಜಪಾನಿ ಗೊಂಬೆ. ಮೈಯೆಲ್ಲ ಗಾಜಿನಂತೆ ಪಾರದರ್ಶಕ, ಒಂದು ಕೈ ಮೊಣಕೈ ಕೆಳಗೆ ಮುರಿದು, ತುಂಡು ಪಕ್ಕದಲ್ಲಿತ್ತು.

ಧಾರವಾಡ ಮೂಲದ ಈ ನಿವೃತ್ತ ಎಂಜಿನಿಯರ್ ಡ್ರಿಲ್ ಸದ್ದಿಗೆ ಹೆದರಿ, ಅಮೆರಿಕದ ಡೆಸ್ ಪ್ಲೇನ್ಸ್ ಊರಿನ ನನ್ನ ದಂತ ಚಿಕಿತ್ಸಾಲಯಕ್ಕೆ ಎರಡು ಸಲ ಬರದೇ ತಪ್ಪಿಸಿಕೊಂಡಿದ್ದರು. ಈಗ ಕೆನ್ನೆ ಊದಿತ್ತು, ಇನ್ನು ತಡಮಾಡುವಂತಿರಲಿಲ್ಲ.

“ಇವ ಮೈಕ್ರೋಮ್ಯಾನ್ ರೀ ಡಾಕ್ಟರ. ಅಮೆರಿಕಾಕ್ಕ ಬ್ಯಾರೆ ಹೆಸರಿಲೆ ಬಂದಾನ. ಕಾರು ಹೋಗಿ ರೋಬೋಟ್ ಆಗೋ ಆಟಿಕಿ ಅದಾವಲ್ಲ, ಅವಕ್ಕೆಲ್ಲ ಇವ ಅಜ್ಜ ಇದ್ದಂಗ. ಮೊದಲ ಇವನ ಕೈ ಜೋಡಸ್ರಿ, ಆಮ್ಯಾಲೆ ನನ್ನ ಹಲ್ಲು.”

ಹುಳುಕು ಹಲ್ಲಿಗೆ ತುಂಬುವ ವಸ್ತುವನ್ನೇ ಚೂರು ಹಚ್ಚಿ, ಅದನ್ನು ಬಿಗಿಸುವ ನೀಲಿ ಬೆಳಕು ಹಿಡಿದೆ. ಕೈ ಗಟ್ಟಿಯಾಗಿ ಕೂತಿತು.

“ನೋವಾತೇನೋ?” ಎಂದು ಅವರು ಗೊಂಬೆಯನ್ನು ಕೇಳಿದರು. “ಇಲ್ಲಂತ್ರೀ” ಎಂದು ನನಗೆ ತಿಳಿಸಿ, ತಾವಾಗಿಯೇ ಬಾಯಿ ತೆರೆದರು. ರೂಟ್ ಕೆನಾಲ್ ಮುಗಿಯುವವರೆಗೂ ಅಲುಗಾಡಲಿಲ್ಲ.

ಮರುವಾರ, ಇಂಥ ಗೊಂಬೆ ಕೂಡಿಡುವ ಅವರ ಗೆಳೆಯರು ಮೂವರು ಅಪಾಯಿಂಟ್‌ಮೆಂಟ್ ಕೇಳಿದರು. ಒಬ್ಬರಿಗೂ ಹಲ್ಲುನೋವಿರಲಿಲ್ಲ. ಮೂವರೂ ಮುರಿದ ಗೊಂಬೆ ಹಿಡಿದು ನಗುನಗುತ್ತಲೇ ಬಂದರು. ದಂತವೈದ್ಯೆಯಾದ ನನಗೆ ಇಂಥ ಭಾಗ್ಯ ಹಿಂದೆಂದೂ ಸಿಕ್ಕಿರಲಿಲ್ಲ.