ಹಗ್ಗ ಬಿಡುವುದನ್ನು ಕಲಿತ ವರ್ಷ

ದಾಂಡೇಲಿಯ ಕಾಗದದ ಮಿಲ್ಲಿನ ಕ್ವಾರ್ಟರ್ಸಿನಲ್ಲಿದ್ದಾಗ ನಮ್ಮ ಸಾಲಿನ ಎಂಟು ಹೆಂಗಸರು ಸೇರಿ ಒಂದು ಹಗ್ಗ ಜಗ್ಗಾಟದ ತಂಡ ಕಟ್ಟಿದ್ದೆವು. ಈಗ ಹೇಳಿದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ನನಗೂ ಒಮ್ಮೊಮ್ಮೆ ಅದು ಬೇರೆ ಯಾರದೋ ಕತೆ ಅನ್ನಿಸುತ್ತದೆ.

ಶುರು ಮಾಡಿದವಳು ಪಕ್ಕದ ಮನೆಯಾಕೆ. ಬೆಳಗಾವಿ ಕಡೆಯವಳು, ಮಾತು ಜೋರು. ಹಳಿಯಾಳದಲ್ಲಿ ಒಂದು ತರುಣ ಸಂಘದವರು ಹವ್ಯಾಸಿಗಳಿಗೆಂದು ಸ್ಪರ್ಧೆ ಇಟ್ಟಿದ್ದಾರೆ, ಹೆಣ್ಣುಮಕ್ಕಳಿಗೂ ಹಗ್ಗ ಜಗ್ಗಾಟ ಇದೆ ಎಂಬ ಸುದ್ದಿ ತಂದಳು. ನಾನು ಹಿಂದೆಮುಂದೆ ನೋಡಿದೆ. ಧಾರವಾಡದ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಬಂದು ಹದಿನೆಂಟು ವರ್ಷವಾಗಿತ್ತು. ಶಾಲೆ ಬಿಟ್ಟ ಮೇಲೆ ನಾನು ಓಡಿದ್ದು ಬಸ್ ಹಿಡಿಯಲಿಕ್ಕೆ ಮಾತ್ರ.

“ಹಗ್ಗ ಜಗ್ಗೂದೇನ್ ನಮಗ ಹೊಸಾದು?” ಎಂದಳು. “ಬಾವ್ಯಾಗಿನ ನೀರು ಜಗ್ಗಿ ಜಗ್ಗೀನ ಬೆಳದೇವಿ. ಹೋಗೂಣು ಬಾ.”

ಕಲಿಸುವವರು ಬೇಕಿತ್ತು. ಸಾಲಿನ ಕೊನೆಯ ಮನೆಯಲ್ಲಿ ಒಬ್ಬ ಕಾಕಾ ಇದ್ದರು. ಹಳಿಯಾಳ ತಾಲೂಕಿನ ಹಳ್ಳಿಯವರು, ಮಿಲ್ಲಿನಲ್ಲಿ ಅವರ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹರೆಯದಲ್ಲಿ ಕುಸ್ತಿ ಹಿಡಿದವರೆಂದು ಎಲ್ಲರಿಗೂ ಗೊತ್ತಿತ್ತು, ಆದರೆ ಅದರ ಮಾತನ್ನು ಅವರ ಬಾಯಿಂದ ಯಾರೂ ಕೇಳಿರಲಿಲ್ಲ. ನಾವು ಹೋಗಿ ಕೇಳಿದಾಗ ಅವರು ಹೆಂಡತಿಯ, ಅಂದರೆ ನಮ್ಮ ಕಾಕುವಿನ, ಮುಖ ನೋಡಿದರು. ಕಾಕು ನಕ್ಕು ಗೋಣು ಹಾಕಿದ ಮೇಲೆ, “ಮುಂಜಾನಿ ಆರಕ್ಕ ಮೈದಾನಕ್ಕ ಬರ್ರಿ” ಎಂದಷ್ಟೇ ಹೇಳಿದರು.

ಮೊದಲ ವಾರ ಹಗ್ಗವನ್ನು ಕಣ್ಣಿಗೂ ತೋರಿಸಲಿಲ್ಲ. ಮೈದಾನ ಎರಡು ಸುತ್ತು ನಡೆಯಬೇಕು, ಮಂಡಿ ಬಗ್ಗಿಸಿ ಏಳಬೇಕು, ಆಮೇಲೆ ಬೀಳುವುದನ್ನು ಕಲಿಯಬೇಕು. ಹೌದು, ಬೀಳುವುದನ್ನೇ. ಗದ್ದ ಎದೆಗೆ ಒತ್ತಿ, ಕೈ ಹಿಂದೆ ಊರದೆ, ಮೆತ್ತಗೆ ಹಿಂದಕ್ಕೆ ಉರುಳಬೇಕು. ಮಂಜಿಗೆ ಹುಲ್ಲು ಒದ್ದೆಯಾಗಿರುತ್ತಿತ್ತು. ನಲವತ್ತರ ಆಸುಪಾಸಿನ ಹೆಂಗಸರು ಸಾಲಾಗಿ ದಬ್ ದಬ್ ಎಂದು ಬಿದ್ದು, ಒಬ್ಬರನ್ನೊಬ್ಬರು ನೋಡಿ ನಗುತ್ತ ಏಳಲಾಗದೆ ಅಲ್ಲೇ ಮಲಗಿಬಿಡುತ್ತಿದ್ದೆವು. ಗಾಳಿ ಈ ಕಡೆ ತಿರುಗಿದರೆ ಮಿಲ್ಲಿನ ಆ ಕೊಳೆತ ಎಲೆಕೋಸಿನಂಥ ವಾಸನೆ ಬರುತ್ತಿತ್ತು. ಆಗ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಈಗ ಆ ವಾಸನೆ ಎಲ್ಲಾದರೂ ಸುಳಿದರೆ ಎದೆ ತುಂಬಿ ಬರುತ್ತದೆ.

ಹಗ್ಗ ಬಂದ ದಿನ ಕಾಕಾ ನಮ್ಮ ಮುಂಗೈಗಳನ್ನು ನೋಡಿ ಏನೋ ಹೇಳಲು ಹೋಗಿ ಸುಮ್ಮನಾದರು. ಮರುದಿನ ಕಾಕುವೇ ಒಂದು ಚೀಲ ಹಿಡಿದು ಬಂದರು. ಒಳಗೆ ಒಗೆದು ಒಣಗಿಸಿದ ಹಳೆಯ ಕಾಲುಚೀಲಗಳು, ಬೆರಳಿನ ತುದಿ ಕತ್ತರಿಸಿದವು.

“ಗಾಜಿನ ಬಳಿ ತಗೀರಿ ಅನ್ನಾಕ ಅವರಿಗೆ ಬಾಯಿ ಬರವಲ್ದು. ಮುತ್ತೈದೇರಿಗೆ ಹೆಂಗ ಹೇಳೂದು ಅಂತ ನಿನ್ನಿಯಿಂದ ಅದ ಚಿಂತಿ,” ಎಂದರು ಕಾಕು. “ಬಳಿ ಮ್ಯಾಲ ಇವನ್ನ ಏರಿಸ್ಕೋರಿ. ಒಡದ್ರೂ ಚುಚ್ಚೂದಿಲ್ಲ. ತಾಳಿ ಸರ ಒಳಗ ಹಾಕಿ ಪಿನ್ ಹಚ್ಕೋರಿ.”

ಪಕ್ಕದ ಮನೆಯಾಕೆ ಅಲ್ಲೇ ನಿಂತು ಬಳೆಗಳನ್ನೆಲ್ಲ ತೆಗೆದು ಕರವಸ್ತ್ರದಲ್ಲಿ ಕಟ್ಟಿದಳು. ನನಗೆ ಅಷ್ಟು ಧೈರ್ಯವಿರಲಿಲ್ಲ. ಗಂಡಸರ ಕಾಲುಚೀಲವನ್ನು ಮೊಣಕೈವರೆಗೆ ಏರಿಸಿಕೊಂಡೆ.

ಕಾಕಾ ಎರಡು ಮಾತನ್ನು ದಿನವೂ ಹೇಳುತ್ತಿದ್ದರು. ಹಗ್ಗವನ್ನು ಎಂಥ ಹೊತ್ತಿನಲ್ಲೂ ಕೈಗೆ ಸುತ್ತಿಕೊಳ್ಳಬಾರದು ಎಂಬುದು ಒಂದು. ಇನ್ನೊಂದು, ಸೋಲುವಾಗ ಬಿಡುವ ಬಗೆ. “ಸೋತ್ವಿ ಅಂತ ಒಮ್ಮೆಲೆ ಕೈ ಬಿಡಬ್ಯಾಡ್ರಿ. ಎರಡು ಹೆಜ್ಜಿ ಅವರ ಜೋಡಿ ನಡೀರಿ, ಸಡ್ಲ ಮಾಡಿ ಬಿಡ್ರಿ. ಆ ಕಡೆನೂ ಯಾರದೋ ಮನಿ ಹೆಣ್ಮಕ್ಕಳು ಅದಾರ. ದಪ್ಪನ ಬಿದ್ದು ನಡ ಮುರ್ಕೊಂಡ್ರ ಅವರ ಮನ್ಯಾಗ ರೊಟ್ಟಿ ಬಡಿಯಾವರು ಯಾರು?”

ಗೆಲ್ಲುವುದನ್ನು ಬಿಟ್ಟು ಉಳಿದಿದ್ದೆಲ್ಲ ಕಲಿಸುತ್ತಾರೆ ಎಂದು ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು.

ಸ್ಪರ್ಧೆಯ ದಿನ ಟೆಂಪೋದಲ್ಲಿ ಹಳಿಯಾಳಕ್ಕೆ ಹೋದೆವು. ಮೊದಲ ಸುತ್ತು ಗೆದ್ದೆವು. ಎರಡನೆಯದರಲ್ಲಿ ಎದುರಾದವರು ಮುಂಡಗೋಡ ಕಡೆಯ ಮಳಗಿಯ ಹೆಂಗಸರು. ಹೊಲದ ಕೆಲಸದವರು, ಅವರ ಹಿಮ್ಮಡಿ ನೆಲಕ್ಕೆ ಊರಿದರೆ ಬೇರು ಬಿಟ್ಟ ಹಾಗೆ. ಒಂದು ಎಳೆತ ಅವರದು, ಒಂದು ನಮ್ಮದು. ಮೂರನೆಯದರಲ್ಲಿ ಅವರು ನಮ್ಮನ್ನು ಅಲ್ಲಾಡಿಸಲಿಲ್ಲ, ನಾವು ಅವರನ್ನು ಅಲ್ಲಾಡಿಸಲಿಲ್ಲ. ನಮ್ಮ ಸಾಲಿನ ಕೊನೆಯವಳು ನಾನು, ಮೈತೂಕ ನನ್ನದೇ ಹೆಚ್ಚು. ಅಂಗೈ ಬೆವರಿ ಹಗ್ಗ ಜಾರತೊಡಗಿತು. ಮಳಗಿಯವರ ಮುಂದಿನಾಕೆ ಒಂದು ಹೆಜ್ಜೆ ನಮ್ಮತ್ತ ಬಂದಳು. ಇನ್ನೊಂದು ಮೊಳ ಬಂದರೆ ಗೆಲುವು ನಮ್ಮದು. ಆ ಕ್ಷಣ ಯೋಚನೆ ಮಾಡಿದೆನೆಂದು ಹೇಳಲಾರೆ. ಬಲಗೈಗೆ ಹಗ್ಗವನ್ನು ಒಂದು ಸುತ್ತು ಸುತ್ತಿಕೊಂಡುಬಿಟ್ಟೆ.

ಕಾಕಾ ಗೆರೆ ದಾಟಿ ಒಳಗೆ ಬಂದರು. ಎರಡೂ ಕೈ ಮೇಲೆತ್ತಿ, ಸೀಟಿ ಹಿಡಿದು ನಿಂತ ಪಂಚರಿಗೆ, “ನಿಲ್ಲಸ್ರಿ! ನಮ್ಮವರು ಸೋತ್ರು!” ಎಂದು ಕೂಗಿದರು.

ಪಂಚರು ಸೀಟಿ ಊದಿದರು. ಏನಾಯಿತೆಂದು ತಂಡದ ಉಳಿದವರಿಗೆ ತಿಳಿಯಲೇ ಇಲ್ಲ. ನನಗೆ ತಿಳಿದಿತ್ತು.

“ಯಾಕ ಬಂದ್ರಿ ಕಾಕಾ? ಒಂದು ಮೊಳ ಉಳಿದಿತ್ತು!” ಎಂದು ಅಷ್ಟು ಜನರ ಎದುರಿಗೆ ಚೀರಿದೆ.

“ಒಂದು ಮೊಳಕ್ಕ ಕೈ ಕಳಕೊಳ್ಳಾಕ ಹೊಂಟಿದ್ದಿ,” ಎಂದರು ಅವರು. ದನಿ ನಡುಗುತ್ತಿತ್ತು. ಅದು ಸಿಟ್ಟೆಂದೇ ತಿಳಿದೆ.

ಮನೆಗೆ ಬಂದು ನೋಡಿದರೆ ಮುಂಗೈ ಸುತ್ತ ಕೆಂಪು ಬರೆ, ಬೆಳಗಾಗುವಷ್ಟರಲ್ಲಿ ನೀಲಿಗಟ್ಟಿತ್ತು. ಹಗ್ಗ ಬಿಗಿದಿದ್ದು ಐದಾರು ಎಣಿಸುವಷ್ಟು ಹೊತ್ತು. ಹಿಟ್ಟು ನಾದಲಾಗಲಿಲ್ಲ. ನಮ್ಮ ಮನೆಯವರು ಮೂರು ದಿನ ಅನ್ನ ಸಾರು ಮಾಡಿದರು. ಮೈದಾನಕ್ಕೆ ನಾನು ಹೋಗಲಿಲ್ಲ.

ನಾಲ್ಕನೆಯ ದಿನ ಕಾಕು ಬಂದರು. ಉಪ್ಪಿನ ಗಂಟು ಬಿಸಿ ಮಾಡಿ ಕೈಗೆ ಶಾಖ ಕೊಡುತ್ತ, ನಾನು ಕೇಳದೆಯೇ ಹೇಳಿದರು.

“ನನ್ನ ಮದುವಿ ಆದ ವರ್ಷ ಇವರು ಒಂದು ಕುಸ್ತಿ ಗೆದ್ರು. ಎದುರಿನ ಹುಡುಗ ಪಕ್ಕದ ಊರಾವ. ಕೈ ಇವರ ಹಿಡಿತದಾಗ ಸಿಕ್ಕಿತ್ತು. ಆತ ಸೋತೆ ಅನ್ನಲಿಲ್ಲ, ಇವರು ಬಿಡಲಿಲ್ಲ. ಮಂದಿ ಕೇಕೆ ಹೊಡೀತಿತ್ತು. ಮೊಣಕೈ ಮುರೀತು. ಕೂಡಿತು, ಆದರ ಮೊದಲಿನಂಗ ಆಗಲಿಲ್ಲ. ಮೂರು ವರ್ಷ ಇವರು ಆತನ ಹೊಲಕ್ಕ ಹೋಗಿ ಬಿತ್ತಿ ಬಂದ್ರು. ತಾವಾಗೇ. ಕುಸ್ತಿ ಅವತ್ತ ಬಿಟ್ರು.”

ಕುಸ್ತಿಯಲ್ಲಿ ಕಾಕಾಗೇ ನೋವಾಗಿರಬಹುದು, ಅದಕ್ಕೇ ಅಷ್ಟು ಎಚ್ಚರ ಅಂದುಕೊಂಡಿದ್ದೆ. ನೋವು ಕೊಟ್ಟವರ ಎಚ್ಚರ ಅದು ಎಂದು ಹೊಳೆದೇ ಇರಲಿಲ್ಲ.

ಮರುದಿನ ಆರಕ್ಕೆ ಮೈದಾನಕ್ಕೆ ಹೋದೆ. ತಪ್ಪಾಯಿತು ಎನ್ನಬೇಕೆಂದಿದ್ದೆ. ಕಾಕಾ ಅದಕ್ಕೆ ಆಸ್ಪದ ಕೊಡಲಿಲ್ಲ. “ಕೈ ತೋರ್ಸವಾ,” ಎಂದರು. ಬೆರಳು ಮಡಚಿಸಿ, ಬಿಡಿಸಿ ನೋಡಿ, “ಎಂಟು ದಿನ ಹಗ್ಗ ಮುಟ್ಟಬ್ಯಾಡ. ನೀ ಎಣಿಸಾಕ ನಿಂದ್ರು,” ಎಂದು ತಂಡದತ್ತ ತಿರುಗಿದರು. ಎಂಟು ದಿನ ನಾನು ಪಕ್ಕದಲ್ಲಿ ನಿಂತು ‘ಒಂದು, ಎರಡು, ಹೂಂ’ ಎಂದು ಕೂಗಿದೆ.

ಮರು ವರ್ಷ ಮತ್ತೆ ಹೋದೆವು. ಮತ್ತೆ ಮಳಗಿಯವರೇ ಎದುರಾದರು, ಮತ್ತೆ ಸೋತೆವು. ಈ ಸಲ ಎರಡು ಹೆಜ್ಜೆ ಅವರ ಜೊತೆ ನಡೆದು ಹಗ್ಗ ಸಡಿಲಿಸಿದೆವು. ಒಬ್ಬರೂ ಬೀಳಲಿಲ್ಲ. ಅವರ ಕೊನೆಯವಳು, ನನ್ನಷ್ಟೇ ದಪ್ಪ ಹೆಂಗಸು, ಬಂದು ನನ್ನ ಕೈ ಹಿಡಿದು, “ಊಟಕ್ಕ ನಮ್ಮ ಜೋಡಿ ಕುಂದರ್ರಿ” ಎಂದಳು. ಬೇವಿನ ಮರದ ಕೆಳಗೆ ಹದಿನಾರು ಜನರೂ ಗಂಟು ಬಿಚ್ಚಿದೆವು. ಅವರ ಕಟಕ ರೊಟ್ಟಿ, ಶೇಂಗಾ ಚಟ್ನಿ, ನಮ್ಮ ಚಪಾತಿ, ಬದನೆಕಾಯಿ ಪಲ್ಯ. ಕಾಕಾ ದೂರ ಕೂತು ಉಣ್ಣುತ್ತಿದ್ದರು. ಅಷ್ಟು ನಿರಾಳವಾದ ಅವರ ಮುಖವನ್ನು ನಾನು ಮೊದಲು ಕಂಡಿರಲಿಲ್ಲ.

ಆಮೇಲೆ ಒಬ್ಬೊಬ್ಬರ ಮನೆಯವರು ನಿವೃತ್ತರಾದರು, ಕ್ವಾರ್ಟರ್ಸ್ ಬಿಟ್ಟೆವು, ತಂಡ ಚದುರಿತು. ಮಳಗಿಯ ಆ ಹೆಂಗಸು ಮಾತ್ರ ಫೋನು ಬಿಡಲಿಲ್ಲ. ಹೋದ ವೈಶಾಖದಲ್ಲಿ ಮಗಳ ಮದುವೆಗೆ ನಮ್ಮೆಲ್ಲರನ್ನೂ ಕರೆದಳು. ಕಾಕಾ, ಕಾಕು ಕೂಡ ಬಂದಿದ್ದರು. ನೆಲದ ಮೇಲೆ ಕೂರಲು ಕಾಕಾಗೆ ಈಗ ಆಗದು, ಕುರ್ಚಿ ಹಾಕಿದ್ದರು. ನಮ್ಮ ಪಂಕ್ತಿಯನ್ನು ಬೆರಳು ಮಾಡಿ ಎಣಿಸಿ, “ಆರು ಮಂದಿ ಅದೀರಿ. ಇನ್ನಿಬ್ಬರು?” ಎಂದು ಕೇಳಿದರು.

ಒಬ್ಬಳು ಮಗನ ಹತ್ತಿರ ಪುಣೆಯಲ್ಲಿದ್ದಾಳೆ ಎಂದೆ. ಪಕ್ಕದ ಮನೆಯಾಕೆ ತೀರಿಕೊಂಡು ಎರಡು ವರ್ಷವಾಯಿತೆಂದೂ ಹೇಳಿದೆ.

ಕಾಕಾ ತಲೆ ತಗ್ಗಿಸಿ ಕೂತರು. ಆಮೇಲೆ ಬಡಿಸುವವನನ್ನು ಕೈಸನ್ನೆ ಮಾಡಿ ಕರೆದು, “ಈ ಆರೂ ಮಂದಿಗೆ ಹೋಳಿಗಿ ಮ್ಯಾಲ ತುಪ್ಪ ಹಾಕೋ ತಮ್ಮಾ, ಕೈ ಹಿಡೀಬ್ಯಾಡ,” ಎಂದರು.