ಫ್ಲಾರೆನ್ಸಿನಲ್ಲಿ ಓದಿ ಹೇಳದ ಕಾಗದ

ಯುದ್ಧ ಮುಗಿದ ವರ್ಷದ ಬೇಸಿಗೆಯಲ್ಲಿ ನಾನು ಇಟಲಿಯ ಫ್ಲಾರೆನ್ಸ್ ಎಂಬ ಊರಿನ ಹೆಸರಾಂತ ಚಿತ್ರಶಾಲೆಯನ್ನು ನೋಡಿದೆ. ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ರೈತನ ಮಗ ನಾನು. ಆ ದೇಶಕ್ಕೆ ಹೋಗಿದ್ದು ಚಿತ್ರ ನೋಡುವುದಕ್ಕಲ್ಲ, ಸೇತುವೆ ಕಟ್ಟುವ ಒಂದು ಸೈನ್ಯದ ತುಕಡಿಯಲ್ಲಿ ಗುಮಾಸ್ತನಾಗಿ. ಆ ದಿನದ ವಿಷಯ ನಮ್ಮ ಕಡೆಯವರು ಕೇಳಿದರೆ, ದೊಡ್ಡ ಕಟ್ಟಡ, ದೊಡ್ಡ ದೊಡ್ಡ ಚಿತ್ರಗಳು ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಪೂರ್ತಿ ಹೇಳಿದ್ದು ನನ್ನ ಹೆಂಡತಿಗೊಬ್ಬಳಿಗೆ, ಅದೂ ಮದುವೆಯಾಗಿ ಬಹಳ ವರ್ಷಗಳ ಮೇಲೆ. ಕೇಳಿದ ಮೇಲೆ ಅವಳು ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಅಲ್ಲಿ ನನ್ನ ಜೊತೆಗಿದ್ದವನು ನಮ್ಮ ಪಕ್ಕದ ಮನೆಯವನು, ನನ್ನ ವಾರಿಗೆಯವನು. ಅವನು ಕೈಗೂಸಾಗಿದ್ದಾಗಲೇ ಅವನಪ್ಪ ತೀರಿಕೊಂಡಿದ್ದ. ಅಕ್ಕನನ್ನು ಹತ್ತಿರದ ಹಳ್ಳಿಗೆ ಕೊಟ್ಟಿತ್ತು. ಮನೆಯಲ್ಲಿ ಅವನು ಮತ್ತು ಅವನ ಅವ್ವ ಇಬ್ಬರೇ. ನನಗೆ ತಾಯಿ ಇರಲಿಲ್ಲವಾದ್ದರಿಂದ ಆಕೆ ಮುದ್ದೆ ತೊಳಸಿದಾಗಲೆಲ್ಲ ಎರಡು ತಟ್ಟೆ ಇಡುತ್ತಿದ್ದಳು. ನಾನು ಮಳವಳ್ಳಿಯಲ್ಲಿ ಇಂಗ್ಲಿಷ್ ಮಿಡ್ಲ್ ಸ್ಕೂಲು ಓದಿದೆ. ಅವನು ಅಕ್ಷರ ಕಲಿಯಲಿಲ್ಲ, ಗದ್ದೆ ನೋಡಿಕೊಂಡ. ನಾನು ಮಂಡ್ಯದಲ್ಲಿ ಕೆಲಸಕ್ಕೆ ಅಲೆದು ಸಾಕಾಗಿ ಸೈನ್ಯಕ್ಕೆ ಹೆಸರು ಕೊಟ್ಟು ಬಂದಾಗ, ನೀನಿಲ್ಲದೆ ನಾನೊಬ್ಬನೇ ಇಲ್ಲೇನು ಮಾಡಲಿ ಎಂದು ಮಾರನೆಯ ದಿನವೇ ಹೋಗಿ ಅವನೂ ಹೆಸರು ಬರೆಸಿದ. ನನಗೆ ಬರೆಯುವ ಕೆಲಸ ಸಿಕ್ಕಿತು, ಅವನಿಗೆ ತೊಲೆ ಹೊರುವ ಕೆಲಸ.

ಮದ್ದೂರು ಸ್ಟೇಷನ್ನಿಗೆ ಅವನ ಅವ್ವ ಬಂದಿದ್ದಳು. ರೈಲು ಬಂದಾಗ ಮಗನ ಕೈ ಹಿಡಿಯಲಿಲ್ಲ, ನನ್ನ ಕೈ ಹಿಡಿದಳು.

“ಓದ್ದೋನು ನೀನು ಕಣಪ್ಪ. ಅವನ್ಗೆ ಒರಗಿನ್ದು ಏನೂ ತಿಳಿಯಾಕಿಲ್ಲ. ಏನೇ ಆದ್ರೂ ನೀನೇ ಬುಡಿಸಿ ಯೋಳ್ಬೇಕು” ಎಂದಳು.

ಅಂದಿನಿಂದ ಅವನ ಕಾಗದಗಳನ್ನು ನಾನೇ ಬರೆಯುತ್ತಿದ್ದೆ. ಊರಿನ ಸುದ್ದಿ ನಮ್ಮಪ್ಪನ ಕಾಗದದಲ್ಲಿ ಬರುತ್ತಿತ್ತು. ಅಪ್ಪ ಹೇಳುವುದು, ಊರಿನ ಮೇಷ್ಟ್ರು ಬರೆಯುವುದು, ನಾನು ಅವನಿಗೆ ಓದುವುದು. ಹೀಗೇ ಎರಡೂವರೆ ವರ್ಷ ನಡೆಯಿತು.

ಫ್ಲಾರೆನ್ಸ್ ನೋಡಲು ನಮಗೆ ಎರಡು ದಿನದ ರಜ ಸಿಕ್ಕಿತ್ತು. ಬೆಳಿಗ್ಗೆ ಲಾರಿ ಹತ್ತುವ ಹೊತ್ತಿಗೆ ಟಪಾಲು ಬಂತು, ಅದರಲ್ಲಿ ಅಪ್ಪನ ಕಾಗದವಿತ್ತು. ಲಾರಿಯ ಮರೆಯಲ್ಲಿ ನಿಂತು ಓದಿದೆ. ಪಕ್ಕದ ಮನೆಯಾಕೆ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡಳು, ಮಣ್ಣು ಅವಳ ಅಳಿಯ ಮಾಡಿದ, ಹುಡುಗನಿಗೆ ನಿಧಾನವಾಗಿ ತಿಳಿಸು, ಸಾಹೇಬರನ್ನು ಕೇಳಿ ರಜ ಸಿಕ್ಕಿದರೆ ಕಳಿಸು ಎಂದಿತ್ತು. ಆಕೆ ಹೋಗಿ ಆಗಲೇ ಎರಡು ತಿಂಗಳಾಗಿತ್ತು.

ಅವನು ಲಾರಿಯ ಮೇಲಿನಿಂದ ಬಗ್ಗಿ, ಏನಂತೆ ಎಂದು ಕೇಳಿದ. ಎಲ್ಲ ಚೆನ್ನಾಗಿದ್ದಾರಂತೆ ಎಂದೆ.

ಅವನಿಗೆ ಆಘಾತವಾದೀತೆಂದು ಹೇಳಲಿಲ್ಲ ಎಂದು ಬರೆದರೆ ಓದುವವರು ಒಪ್ಪಬಹುದು. ಆದರೆ ಅದು ನಿಜವಲ್ಲ. ಹೇಳಿದರೆ ಅವನು ಲಾರಿಯಿಂದ ಇಳಿಯುತ್ತಿದ್ದ. ಅವನ ಜೊತೆ ನಾನೂ ಇಳಿಯಬೇಕಾಗುತ್ತಿತ್ತು. ನನಗೆ ಆ ಚಿತ್ರಶಾಲೆ ನೋಡಲೇಬೇಕಿತ್ತು. ಮಳವಳ್ಳಿ ಸ್ಕೂಲಿನಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರು ಯಾವುದೋ ಪುಸ್ತಕದಿಂದ ಕತ್ತರಿಸಿದ ಒಂದು ಚಿತ್ರವನ್ನು ರಟ್ಟಿಗೆ ಅಂಟಿಸಿ ಗೋಡೆಗೆ ತೂಗುಹಾಕಿದ್ದರು. ತೋಪಿನ ನಡುವೆ ಹೂ ಚೆಲ್ಲುತ್ತ ಬರುವ ಹೆಂಗಸರ ಚಿತ್ರ ಅದು. ಬಣ್ಣವಿಲ್ಲ, ಬರೀ ಕಪ್ಪು ಬಿಳುಪು. ಇದರ ಅಸಲು ಫ್ಲಾರೆನ್ಸಿನಲ್ಲಿದೆ, ನಿಮ್ಮಂಥವರು ಕನಸಿನಲ್ಲೂ ನೋಡಲಾರಿರಿ ಎಂದು ಅವರು ಹೇಳಿದ್ದು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಒಂದು ದಿನ ತಡವಾದರೆ ಸತ್ತವಳೇನೂ ಎದ್ದು ಬರುವುದಿಲ್ಲವಲ್ಲ ಎಂದುಕೊಂಡು ಕಾಗದವನ್ನು ಮಡಿಸಿ ಜೇಬಿಗಿಟ್ಟೆ.

ಫ್ಲಾರೆನ್ಸಿನ ಸೇತುವೆಗಳಲ್ಲಿ ಹಳೆಯದೊಂದನ್ನು ಬಿಟ್ಟು ಉಳಿದವನ್ನೆಲ್ಲ ಜರ್ಮನರು ಸಿಡಿಸಿದ್ದರು. ಚಿತ್ರಶಾಲೆಯ ಬಾಗಿಲಲ್ಲಿ ಮೊದಲು ಬಿಳಿಯ ಅಧಿಕಾರಿಗಳ ಗುಂಪನ್ನು ಒಳಗೆ ಬಿಟ್ಟರು. ನಾವು ಹನ್ನೆರಡು ಜನ ಒಂದು ಗಂಟೆ ಬಿಸಿಲಲ್ಲಿ ನಿಂತೆವು. ಆಮೇಲೆ ನಮಗೊಬ್ಬ ಮುದುಕ ಗೈಡು ಸಿಕ್ಕಿದ. ಕೋಟಿನ ತೋಳಿನಂಚು ಪಿಸಿದು ನೂಲು ನೇತಾಡುತ್ತಿತ್ತು. ಯಾರ ಜೇಬಿನಲ್ಲಾದರೂ ಬಿಸ್ಕತ್ತಿದೆಯೇ ಎಂದು ಅವನ ಕಣ್ಣು ಹುಡುಕುತ್ತಿತ್ತು. ನಿಧಾನವಾಗಿ ಇಂಗ್ಲಿಷ್ ಮಾತಾಡುತ್ತಿದ್ದ. ನಮ್ಮಲ್ಲಿ ತಮಿಳರು, ತೆಲುಗರೇ ಹೆಚ್ಚು, ಕನ್ನಡದವರು ನಾವಿಬ್ಬರೇ. ಗೈಡು ಹೇಳಿದ್ದನ್ನು ನಾನು ನನ್ನ ಗೆಳೆಯನಿಗೆ ಕನ್ನಡದಲ್ಲಿ ಹೇಳುತ್ತ ನಡೆದೆ.

ಮಾಡಿನ ತುಂಬ ಚಿತ್ತಾರ ಬರೆದ ಉದ್ದನೆಯ ಪಡಸಾಲೆ. ಕಿಟಕಿಗಳ ಗಾಜು ಒಡೆದು ಹೋಗಿದ್ದಲ್ಲಿ ಹಲಗೆ ಹೊಡೆದಿದ್ದರು. ಗೋಡೆಯುದ್ದಕ್ಕೂ ಕಲ್ಲಿನ ವಿಗ್ರಹಗಳು. ಬೆತ್ತಲೆ ವಿಗ್ರಹಗಳ ಮುಂದೆ ನಮ್ಮವರು ಒಬ್ಬರನ್ನೊಬ್ಬರು ತಿವಿದು ನಕ್ಕರು. ನನ್ನ ಗೆಳೆಯ ನಗಲಿಲ್ಲ. ನಮ್ಮ ಕಡೆಯ ವೈದ್ಯನಾಥಪುರದ ಗುಡಿಯಲ್ಲಿ ಕಂಬ ಸವರಿ ನೋಡುತ್ತಿದ್ದ ಹಾಗೆ ಒಂದು ವಿಗ್ರಹದ ಪಾದ ಸವರಿದ. ಕಾವಲುಗಾರ ಗದರಿದ ಮೇಲೆ ಕೈ ತೆಗೆದ.

ಒಂದು ಕೋಣೆಯಲ್ಲಿ ಗೈಡು ಖಾಲಿ ಗೋಡೆಯ ಮುಂದೆ ನಿಂತ. ಅಲ್ಲಿ ಒಂದು ದೊಡ್ಡ ಚಿತ್ರ ಇದ್ದ ಜಾಗದ ಗುರುತು ಮಾತ್ರ ಕಾಣುತ್ತಿತ್ತು. ಯುದ್ಧಕ್ಕೆ ಹೆದರಿ ಒಳ್ಳೊಳ್ಳೆಯ ಚಿತ್ರಗಳನ್ನೆಲ್ಲ ಹಳ್ಳಿಗಳಲ್ಲಿ ಬಚ್ಚಿಟ್ಟಿದ್ದಾರೆ, ಇನ್ನೂ ತಂದಿಲ್ಲ ಎಂದು ಹೇಳಿ, ಕೋಲಿನಿಂದ ಬರಿಯ ಗೋಡೆಯನ್ನು ತೋರಿಸುತ್ತ, ಇಲ್ಲಿ ಹೂ ಚೆಲ್ಲುವವಳು, ಇಲ್ಲಿ ಕೈ ಕೈ ಹಿಡಿದು ಕುಣಿಯುವ ಮೂವರು, ಇಲ್ಲಿ ಕಿತ್ತಳೆ ಮರ ಎಂದು ವರ್ಣಿಸತೊಡಗಿದ. ಅದು ನಮ್ಮ ಮೇಷ್ಟ್ರ ಚಿತ್ರ. ಹಿಂದೆ ಯಾರೋ ತಮಿಳಿನಲ್ಲಿ ಏನೋ ಅಂದು ಎಲ್ಲರೂ ನಕ್ಕರು. ನಾನು ಗೋಡೆಯಲ್ಲಿ ಉಳಿದಿದ್ದ ಮೊಳೆಯನ್ನೇ ನೋಡುತ್ತ ನಿಂತೆ. ಜೇಬಿನಲ್ಲಿ ಕಾಗದ ಇತ್ತು. ಇದಕ್ಕಾಗಿಯೇ ನಾನು ಹೇಳದೆ ಬಂದಿದ್ದೆ.

ಮುಂದಿನ ಕೋಣೆಯಲ್ಲಿ ಕೆಲವು ಚಿತ್ರಗಳಿದ್ದವು. ಅಲ್ಲೊಂದು ತಾಯಿ ಮಗುವಿನ ಚಿತ್ರ, ಕ್ರೈಸ್ತರ ದೇವಮಾತೆಯದು. ಕೆಂಪು ಬಟ್ಟೆ, ತಲೆಯ ಮೇಲೆ ನೀಲಿ ಸೆರಗು, ತೊಡೆಯ ಮೇಲೆ ಗುಂಡಗಿನ ಮಗು. ಉಳಿದವರು ಮುಂದೆ ಹೋದರು, ನನ್ನ ಗೆಳೆಯ ಅಲ್ಲಾಡಲಿಲ್ಲ.

“ನೋಡ್ಲಾ, ಮಗೀನ ಎತ್ಕೊಂಡವ್ಳೆ, ನೋಡ್ತಾ ಇರಾದು ಮಾತ್ರ ಬ್ಯಾರೆ ಕಡೀಕೆ” ಎಂದ. “ಯಾಕಂತೆ, ಕೇಳ್ಲಾ ಅವನ್ನ.”

ಕೇಳಿದೆ. ಅಂಥ ಪ್ರಶ್ನೆಯನ್ನು ಸಿಪಾಯಿಗಳಿಂದ ಗೈಡು ನಿರೀಕ್ಷಿಸಿರಲಿಲ್ಲವೆಂದು ತೋರುತ್ತದೆ. ಹಿಂದಕ್ಕೆ ಬಂದು ಅವನ ಪಕ್ಕ ನಿಂತು, ಮಗನಿಗೆ ಮುಂದೆ ಏನಾಗುತ್ತದೆಂದು ಈ ತಾಯಿಗೆ ಗೊತ್ತು, ಅದಕ್ಕೇ ನೋಡಲಾರಳು ಎಂದ. ಅದನ್ನು ಹಾಗೇ ಕನ್ನಡದಲ್ಲಿ ಹೇಳಿದೆ.

“ದಿಟ ಕಣ್ಲಾ. ನಮ್ಮವ್ವನೂ ಇಂಗೇಯ. ನಾನು ಮರದಿಂದ ಬೀಳಾಕ್ ಮುಂಚೇನೆ ಕೂಗ್ಕೊಳ್ಳೋಳು. ಇದ್ನ ಕಾಗ್ದದಲ್ಲಿ ಬರಿಬೇಕು” ಎಂದ.

ಆಗ ಹೇಳಬಹುದಿತ್ತು. ಅವನ ಮುಖದಲ್ಲಿ ಅಷ್ಟು ಸಂತೋಷವಿತ್ತು, ನನಗಾಗಲಿಲ್ಲ.

ಅಂದು ಸಂಜೆಯೇ ಅವನು ಕೂತು ಬರೆಸಿದ. ಅವ್ವನಿಗೆ, ಸೇತುವೆ, ವಿಗ್ರಹ, ನೀಲಿ ಸೆರಗಿನ ತಾಯಿ ಎಲ್ಲ ಬರೆಸಿದ. ನಾನು ಎರಡು ಹಾಳೆ ತುಂಬ ಬರೆದು, ಓದಿ ಹೇಳಿ, ಆಮೇಲೆ ಹರಿದು ಎಸೆದೆ. ಒಂದು ದಿನವೆಂದುಕೊಂಡದ್ದು ಎರಡಾಯಿತು, ವಾರವಾಯಿತು. ತಡವಾದಷ್ಟೂ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಕೊಡಬೇಕಾಗಿತ್ತು. ಅಪ್ಪ ಇನ್ನೊಂದು ಕಾಗದದಲ್ಲಿ, ಹುಡುಗ ಹೇಗೆ ತಡೆದುಕೊಂಡ ಎಂದು ಕೇಳಿದ. ತಿಳಿಸಿದ್ದೇನೆ, ಸಮಾಧಾನ ಮಾಡಿಕೊಂಡಿದ್ದಾನೆ ಎಂದು ಬರೆದೆ. ಇತ್ತ ಇವನು ಉತ್ತರ ಬಂತೇ ಎಂದು ಕೇಳಿದರೆ, ಅಪ್ಪನ ಕಾಗದ ಹಿಡಿದುಕೊಂಡು ಅದರಲ್ಲಿಲ್ಲದ್ದನ್ನು ಓದಿದೆ. ಅವ್ವ ಹುಷಾರಾಗಿದ್ದಾಳೆ, ಎಮ್ಮೆ ಈದಿದೆ, ನಿನಗೆ ಹೆಣ್ಣು ನೋಡುತ್ತಿದ್ದಾಳೆ. ಹೆಣ್ಣಿನ ಮಾತು ಬಂದಾಗ ಅವನು ನಾಚಿಕೊಂಡು ಇಡೀ ಡೇರೆಗೆ ಟೀ ಮಾಡಿ ಕೊಟ್ಟ. ಅದೇ ತಿಂಗಳು, ತಂದೆ ಸತ್ತ ಸುದ್ದಿ ಬಂದ ಒಬ್ಬ ತೆಲುಗಿನವನನ್ನು ಸಾಹೇಬರು ಊರಿಗೆ ಕಳಿಸಿದರು. ಆ ಕಾಗದಪತ್ರಗಳನ್ನು ಸಿದ್ಧಪಡಿಸಿದವನು ನಾನೇ.

ಮುಂದಿನ ವರ್ಷದ ಮೊದಲಲ್ಲಿ ನಮ್ಮನ್ನು ಸೈನ್ಯದಿಂದ ಬಿಟ್ಟರು. ಹಡಗಿನಲ್ಲಿ ಹೇಳಬೇಕೆಂದಿದ್ದೆ, ಹೇಳಲಿಲ್ಲ. ರೈಲಿನಲ್ಲೂ ಹೇಳಲಿಲ್ಲ. ಮದ್ದೂರಿನಲ್ಲಿ ಇಳಿದು ಬಸ್ಸು ಹತ್ತಿದೆವು. ಮಳವಳ್ಳಿಯಲ್ಲಿ ಬಸ್ಸು ನಿಂತಾಗ ಇಳಿಸಿ ಹೇಳುವುದೆಂದು ಗಟ್ಟಿಮಾಡಿಕೊಂಡೆ. ಅಷ್ಟರಲ್ಲಿ ಸಂತೆ ಮುಗಿಸಿದ ನಮ್ಮೂರಿನ ಒಬ್ಬಳು ಮುದುಕಿ ಬುಟ್ಟಿ ಹೊತ್ತು ಬಸ್ಸು ಹತ್ತಿದಳು. ಇವನನ್ನು ನೋಡಿ ಗಲ್ಲ ಸವರಿ ಅಳತೊಡಗಿದಳು.

“ನಿಮ್ಮವ್ವ ಇದ್ದಾಗ ಬರಬಾರ್ದಾಗಿತ್ತಾ ನನ್ನಪ್ಪ. ಮಣ್ಣು ಮಾಡಿ ವರ್ಸ ತುಂಬ್ತಾ ಬಂತಲ್ಲ.”

ಮುದುಕಿಗೆ ಅರಳುಮರಳೆಂದು ತಿಳಿದು ಅವನು ನಗುತ್ತಲೇ ನನ್ನ ಕಡೆ ತಿರುಗಿದ. ನಾನು ತಲೆ ತಗ್ಗಿಸಿದ್ದೆ. ಅವನ ನಗು ನಿಲ್ಲಲು ತುಂಬ ಹೊತ್ತು ಹಿಡಿಯಿತು.

“ನಿಂಗೆ ಗೊತ್ತಿತ್ತಾ?” ಎಂದ.

ಗೊತ್ತಿತ್ತು ಎಂದೆ. ಯಾವಾಗಿನಿಂದ ಎಂದು ಕೇಳಿದ. ಚಿತ್ರ ನೋಡಲು ಹೋದೆವಲ್ಲ, ಅವತ್ತಿನಿಂದ ಎಂದೆ. ಅವನು ಟ್ರಂಕು ಎಳೆದುಕೊಂಡು ಇಳಿದ. ಬಸ್ಸು ಹೊರಟಿತು. ಹಿಂದಿನ ಕಿಟಕಿಯಿಂದ ನೋಡಿದರೆ, ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ರಸ್ತೆಯ ಬದಿಯಲ್ಲಿ ನಡೆದು ಬರುತ್ತಿದ್ದ.

ನಾಲ್ಕನೆಯ ದಿನ ತಲೆ ಬೋಳಿಸಿಕೊಂಡು ನಮ್ಮ ಮನೆಗೆ ಬಂದ. ಕೂರಲಿಲ್ಲ. ಆ ಕಾಗದ ಇದ್ದರೆ ಓದು ಎಂದ. ಇತ್ತು, ಓದಿದೆ. ರಜ ಸಿಕ್ಕಿದರೆ ಕಳಿಸು ಎಂಬಲ್ಲಿಗೆ ಬಂದಾಗ, ಇನ್ನೊಂದು ಸಲ ಓದು ಎಂದ. ಇನ್ನೊಂದು ಸಲ ಓದಿದೆ.

“ಎಮ್ಮೆ ಈದಿದ್ದು?” ಎಂದ.

ಸುಳ್ಳು ಎಂದೆ. ಎಮ್ಮೆಯನ್ನು ಅವನ ಅಕ್ಕ ಮಾರಿದ್ದಳು.

“ಸೂತಕದಲ್ಲಿ ನಗ್ತಾ ಇದ್ನಲ್ಲೋ ನಾನು. ಟೀ ಕಾಸಿ ಕುಡಿಸ್ತಿದ್ದೆ ಎಲ್ಲಾರ್ಗೂ” ಎಂದ. ಧ್ವನಿ ಎತ್ತಲಿಲ್ಲ. ಅವನು ನನ್ನನ್ನು ಹೊಡೆದಿದ್ದರೆ ನನಗೆ ಸುಲಭವಾಗುತ್ತಿತ್ತು. ಅದೂ ನನ್ನ ಸ್ವಾರ್ಥವೇ ಎಂದು ಈಗ ತಿಳಿಯುತ್ತದೆ.

ಅಪ್ಪ ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ. ತಾನು ಹೇಳಿ ಬರೆಸಿದ ಕಾಗದವನ್ನು ನಾನು ಹೀಗೆ ಉಪಯೋಗಿಸಿದೆನಲ್ಲ ಎಂದು ಅವನಿಗೆ ಎಲ್ಲಕ್ಕಿಂತ ಹೆಚ್ಚು ನೋವಾಗಿರಬೇಕು. ಬಹಳ ದಿನ ನನ್ನ ಕೈಯಲ್ಲಿ ಯಾವ ಕಾಗದವನ್ನೂ ಓದಿಸಲಿಲ್ಲ. ಮೇಷ್ಟ್ರ ಮನೆಗೇ ಹೋಗಿ ಓದಿಸಿಕೊಂಡು ಬರುತ್ತಿದ್ದ.

ಗೆಳೆಯ ಗದ್ದೆಯನ್ನು ಅಕ್ಕನಿಗೆ ಬಿಟ್ಟು ನಮ್ಮೂರಿಗೆ ಹತ್ತಿರದ ಬ್ಲಫ್ ಎಂಬಲ್ಲಿ ಕರೆಂಟು ತಯಾರಿಸುವ ಕಡೆ ಕೆಲಸಕ್ಕೆ ಸೇರಿದ. ನಾನು ಮಂಡ್ಯದ ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ಊರಿಗೆ ಬಂದಾಗ ದಾರಿಯಲ್ಲಿ ಎದುರಾದರೆ ಅವನು ಮುಖ ತಿರುಗಿಸುತ್ತಿರಲಿಲ್ಲ. ಪರಸ್ಥಳದವನನ್ನು ನೋಡುವಂತೆ ನೋಡಿ ಮುಂದೆ ಹೋಗುತ್ತಿದ್ದ.

ಸ್ವಾತಂತ್ರ್ಯ ಬಂದ ವರ್ಷ ನನ್ನ ಮದುವೆಯಾಯಿತು. ಅಪ್ಪನೇ ಬ್ಲಫ್ಫಿಗೆ ಹೋಗಿ ಅವನನ್ನು ಕರೆದು ಬಂದಿದ್ದ. ಬರುವುದಿಲ್ಲವೆಂದುಕೊಂಡಿದ್ದೆ, ಬಂದ. ಪಂಕ್ತಿಯಲ್ಲಿ ಕೂತು ಉಂಡ. ಬಡಿಸುತ್ತಿದ್ದ ಅಪ್ಪ ಅವನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ಆದದ್ದು ಆಗಿಹೋಯಿತು, ಅವನ ಹತ್ತಿರ ಒಂದು ಮಾತಾಡು ಎಂದು ಕೇಳಿಕೊಂಡ. ಎರಡು ಮಾರು ದೂರದಲ್ಲಿ ಬಾಸಿಂಗ ಕಟ್ಟಿಕೊಂಡು ನಾನು ನಿಂತಿದ್ದೆ.

“ಸಿಟ್ಟೇನಿಲ್ಲ ದೊಡ್ಡಪ್ಪ” ಎಂದ ಅವನು. “ಮಾತಾಡುದ್ರೆ ಅವನು ಯೋಳಾದು ದಿಟ್ವೋ ಸುಳ್ಳೋ ಅಂತ ಪರ್ತಿ ಸಲ ಲೆಕ್ಕ ಆಕ್ತಾ ಕೂತ್ಕೊಬೇಕಾಯ್ತದೆ. ಅದು ನನ್ ಕೈಲಾಗಾಕಿಲ್ಲ.”

ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡು ಕಲಸಿ ಉಂಡು, ಎಲೆ ಮಡಿಚಿ ಎದ್ದ.